ಟೆಕ್ಸಾಸ್‌ನ ಸರ್ಕಾರಿ ಶಾಲೆಯಲ್ಲಿ ಮಗುವಿಗೆ ಸಿಗಬೇಕಾದ್ದನ್ನು ಕೇಳಿ ಪಡೆಯುವುದು ಹೇಗೆ?

ಡಲ್ಲಾಸ್ ಪಕ್ಕದ ಫ್ರಿಸ್ಕೊ, ಪ್ಲೇನೊ ಕಡೆ ಮನೆ ಹಿಡಿಯುವ ಕನ್ನಡದ ಕುಟುಂಬಗಳು ಬಹುಪಾಲು ಶಾಲೆ ನೋಡಿಯೇ ಅಲ್ಲಿಗೆ ಹೋಗುತ್ತವೆ. ಮಗುವನ್ನು ಸೇರಿಸಿದ ಮೇಲೆ ಮಾತ್ರ ಸುಮ್ಮನಾಗಿಬಿಡುತ್ತವೆ. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲದೆ ಸಿಗುವುದು ಪಾಠವೊಂದೇ ಅಲ್ಲ. ಆದರೆ ಎಷ್ಟೋ ಸೌಲಭ್ಯ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಕೇಳಬೇಕು, ಅದೂ ಬರೆದು ಕೇಳಬೇಕು. ಕೇಳದೆ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ.

ಹೆಜ್ಜೆ 1: ಮನೆಗೆ ಮುಂಚೆ ಡಿಸ್ಟ್ರಿಕ್ಟ್ ನೋಡಿ

ಶಾಲೆ ನಡೆಸುವುದು ನಗರಸಭೆಯಲ್ಲ, ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳಿಗೇ ಇರುವ ಪ್ರತ್ಯೇಕ ಆಡಳಿತ. ಎರಡರ ಗಡಿಯೂ ಬೇರೆ ಬೇರೆ. ವಿಳಾಸದಲ್ಲಿ ಫ್ರಿಸ್ಕೊ ಅಂತಿದ್ದರೂ ಮನೆ ಲೂಯಿಸ್‌ವಿಲ್, ಲಿಟಲ್ ಎಲ್ಮ್ ಅಥವಾ ಪ್ರಾಸ್ಪರ್ ಡಿಸ್ಟ್ರಿಕ್ಟಿಗೆ ಸೇರಿರಬಹುದು. ಲೀಸ್‌ಗೆ ಸಹಿ ಹಾಕುವ ಮುಂಚೆ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ವಿಳಾಸ ಹಾಕಿ ನೋಡಿ. ಏಜೆಂಟರ ಮಾತು ಸಾಲದು. ಸ್ನೇಹಿತರ ವಿಳಾಸ ಕೊಡುವ ಅಡ್ಡದಾರಿಯಂತೂ ಬೇಡವೇ ಬೇಡ. ಸುಳ್ಳು ದಾಖಲೆ ಕೊಡುವುದು ಇಲ್ಲಿ ಅಪರಾಧ.

ಹೆಜ್ಜೆ 2: ಲಸಿಕೆ ಪುಸ್ತಕ

ಶಾಲೆಗೆ ಸೇರಿಸುವಾಗ ಲಸಿಕೆಯ ದಾಖಲೆ ತೋರಿಸಬೇಕು. ನಮ್ಮಲ್ಲಿ 9 ತಿಂಗಳಿಗೆ ಹಾಕಿಸುವ ದಡಾರದ ಲಸಿಕೆ ಇಲ್ಲಿ ಲೆಕ್ಕಕ್ಕಿಲ್ಲ. ಮೊದಲ ಡೋಸ್ ಮಗುವಿಗೆ ಒಂದು ವರ್ಷ ತುಂಬಿದ ಮೇಲಿನದ್ದೇ ಆಗಬೇಕು. ಊರಿನಲ್ಲಿ ಎಷ್ಟೋ ಜನ ಬಿಟ್ಟುಬಿಡುವ ಹೆಪಟೈಟಿಸ್ ಎ ಮತ್ತು ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್ ಲಸಿಕೆಗಳೂ ಇಲ್ಲಿ ಬೇಕು. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಸಿಕೊಂಡು ಬನ್ನಿ. 05/08 ಅಂತಿದ್ದರೆ ಇಲ್ಲಿ ಅದು ಮೇ 8 ಆಗುತ್ತದೆ.

ಹೆಜ್ಜೆ 3: ಮನೆಭಾಷೆಯ ಫಾರಂ

ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ ಕೇಳುತ್ತಾರೆ. ಕನ್ನಡ ಆಡುವುದಾದರೆ ಕನ್ನಡ ಅಂತಲೇ ಬರೆಯಿರಿ. ‘ಇಂಗ್ಲಿಷ್ ಅಂತ ಬರೆದರೆ ಮರ್ಯಾದೆ, ಇಲ್ಲದಿದ್ದರೆ ಹಿಂದಿನ ಬೆಂಚು’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಅದು ಸುಳ್ಳು. ಮಗುವಿಗೆ ಒಂದು ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೆ ಮುಗಿಯಿತು. ಬರದಿದ್ದರೆ ಹೆಚ್ಚಿನ ನೆರವು ಸಿಗುತ್ತದೆ, ಅದಕ್ಕೂ ನಿಮ್ಮ ಒಪ್ಪಿಗೆ ಬೇಕು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತೇ ಇಲ್ಲ. ಸೆಪ್ಟೆಂಬರ್ 1ಕ್ಕೆ 4 ವರ್ಷ ತುಂಬಿದ, ಇಂಗ್ಲಿಷ್ ಆಡಲು ಮತ್ತು ತಿಳಿಯಲು ಬಾರದ ಮಗುವಿಗೆ ಟೆಕ್ಸಾಸ್‌ನಲ್ಲಿ ಪ್ರಿ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ತರಗತಿ, ಉಚಿತ. ಅಪ್ಪ ಅಮ್ಮನ ಸಂಬಳ ಎಷ್ಟೇ ಇರಲಿ! ದುಬಾರಿ ಡೇಕೇರ್‌ಗೆ ಹಣ ಕಟ್ಟುವ ಮುಂಚೆ ಇದನ್ನು ವಿಚಾರಿಸಿ.

ಹೆಜ್ಜೆ 4: ಮೌಲ್ಯಮಾಪನ ಕೇಳುವ ಪತ್ರ

ಮೌಲ್ಯಮಾಪನ ಅಂದರೆ ಮಗುವಿಗೆ ವಿಶೇಷ ನೆರವು ಬೇಕೇ ಅಂತ ಶಾಲೆಯೇ ಪರೀಕ್ಷೆ ಮಾಡಿ ನೋಡುವುದು. ಹೆಚ್ಚು ಜನ ಎಡವುವುದು ಇಲ್ಲಿಯೇ. ಮಗು ಮಾತಾಡುವುದು ತಡವಾಗಿದೆ, ಅಕ್ಷರ ಕೂಡಿಸಲು ಒದ್ದಾಡುತ್ತಿದೆ, ಒಂದು ಕಡೆ ಕೂರುತ್ತಿಲ್ಲ. ಮನೆಯವರಿಗೆ ಗೊತ್ತಿರುತ್ತದೆ. ಆದರೂ ‘ಜನ ಏನಂತಾರೋ’ ಅಂತ ಮುಚ್ಚಿಡುತ್ತಾರೆ. ಇಲ್ಲವೇ ಟೀಚರ್ ಹತ್ತಿರ ಬಾಯಿಮಾತಲ್ಲಿ ಹೇಳಿ ಬರುತ್ತಾರೆ. ಬಾಯಿಮಾತಿಗೆ ಉತ್ತರ ಕೊಡಲು ಶಾಲೆಗೆ ಗಡುವಿಲ್ಲ, ಪತ್ರಕ್ಕೆ ಇದೆ.

1975ರ ಕೇಂದ್ರ ಕಾನೂನಿನಿಂದ ಬಂದ ಹಕ್ಕು ಇದು. ಅಗತ್ಯವಿರುವ ಮಗುವಿಗೆ 3ನೇ ವಯಸ್ಸಿನಿಂದಲೇ ಪರೀಕ್ಷೆ, ಸ್ಪೀಚ್ ಥೆರಪಿ, ವಿಶೇಷ ಪಾಠ ಎಲ್ಲವನ್ನೂ ಡಿಸ್ಟ್ರಿಕ್ಟ್ ಉಚಿತವಾಗಿ ಕೊಡಬೇಕು. ಟೆಕ್ಸಾಸ್‌ನಲ್ಲಿ ಈ ಹಕ್ಕಿಗೆ ಕಹಿ ಕಥೆಯೊಂದಿದೆ. 2004ರಿಂದ ರಾಜ್ಯವು ಶೇ 8.5ರಷ್ಟು ಮಕ್ಕಳಿಗೆ ಮಾತ್ರ ವಿಶೇಷ ಶಿಕ್ಷಣ ಎಂಬ ಅಳತೆ ಇಟ್ಟುಕೊಂಡಿತ್ತು. ಹೀಗಾಗಿ ಸಾವಿರಾರು ಮಕ್ಕಳಿಗೆ ನೆರವು ಸಿಗಲಿಲ್ಲ. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಇದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಈಗ ಆ ಅಳತೆ ಇಲ್ಲ. ಆದರೂ ಬರೆದು ಕೇಳುವುದು ಬಿಡಬೇಡಿ.

ಪತ್ರ ಉದ್ದ ಬೇಡ, ಅರ್ಧ ಪುಟ ಸಾಕು. ಮಗುವಿನ ಹೆಸರು, ಹುಟ್ಟಿದ ದಿನ, ಶಾಲೆ, ತರಗತಿ ಬರೆಯಿರಿ. ‘ನನ್ನ ಮಗುವಿಗೆ ವಿಶೇಷ ಶಿಕ್ಷಣದ ಪೂರ್ಣ ಮೌಲ್ಯಮಾಪನ ಮಾಡಿ’ ಎಂಬ ಅರ್ಥದ ಒಂದು ನೇರ ವಾಕ್ಯ ಇರಲೇಬೇಕು. ‘ಸ್ವಲ್ಪ ಸಹಾಯ ಮಾಡಿ’ ಅಂತ ಬರೆದರೆ ಅದು ಮನವಿ ಅಷ್ಟೇ ಆಗುತ್ತದೆ. ಆಮೇಲೆ ನೀವು ಕಣ್ಣಾರೆ ಕಂಡ ಮೂರು ನಾಲ್ಕು ವಿಷಯ ಬರೆಯಿರಿ: ಯಾವ ಪದ ತಪ್ಪಾಗುತ್ತದೆ, ಹೋಂವರ್ಕ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ, ಯಾವಾಗಿನಿಂದ ಹೀಗಿದೆ. ಕನ್ನಡದಲ್ಲೂ ಇದೇ ತೊಂದರೆ ಇದ್ದರೆ ತಪ್ಪದೆ ಬರೆಯಿರಿ. ಇಂಗ್ಲಿಷ್ ಬಾರದ್ದರಿಂದ ಬಂದ ತೊಂದರೆ ಇದಲ್ಲ ಅಂತ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ದಿನಾಂಕ ಹಾಕಿ, ಪ್ರಿನ್ಸಿಪಾಲ್‌ಗೂ ವಿಶೇಷ ಶಿಕ್ಷಣದ ನಿರ್ದೇಶಕರಿಗೂ ಇ-ಮೇಲ್ ಮಾಡಿ. ಪ್ರತಿ ಇಟ್ಟುಕೊಳ್ಳಿ.

ಪತ್ರ ತಲುಪಿದ ಮೇಲೆ ಶಾಲೆ ನಡೆಯುವ 15 ದಿನಗಳೊಳಗೆ ಡಿಸ್ಟ್ರಿಕ್ಟ್ ಬರಹದಲ್ಲಿ ಉತ್ತರ ಕೊಡಬೇಕು. ಪರೀಕ್ಷೆ ಮಾಡಲ್ಲ ಅಂದರೂ ಕಾರಣ ಬರೆಯಬೇಕು. ಮಾಡುವುದಾದರೆ, ನೀವು ಒಪ್ಪಿಗೆ ಸಹಿ ಹಾಕಿದ ಮೇಲೆ ಸಾಮಾನ್ಯವಾಗಿ ಶಾಲೆಯ 45 ದಿನಗಳೊಳಗೆ ವರದಿ ಸಿದ್ಧವಾಗಬೇಕು. ‘ಇನ್ನೊಂದು ವರ್ಷ ನೋಡೋಣ, ಇಂಗ್ಲಿಷ್ ಬರಲಿ’ ಅಂದರೆ ಒಪ್ಪಬೇಡಿ. ಸಾಧ್ಯವಿದ್ದರೆ ಮಗುವಿನ ಭಾಷೆಯಲ್ಲೇ ಪರೀಕ್ಷೆ ನಡೆಯಬೇಕು ಅಂತ ಕಾನೂನೇ ಹೇಳುತ್ತದೆ. ವರದಿಯ ಬಗ್ಗೆ ಶಾಲೆಯವರ ಜೊತೆ ನಡೆಯುವ ಸಭೆಗೆ ದುಭಾಷಿ ಬೇಕಿದ್ದರೂ ಕೇಳಿ. ಥೆರಪಿ ಶುರುವಾಯಿತು ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಎರಡು ಭಾಷೆಯಿಂದ ಮಾತು ತೊದಲುವುದಿಲ್ಲ, ಕಲಿಕೆಯ ತೊಂದರೆಯೂ ಬರುವುದಿಲ್ಲ.

ಖಾಸಗಿ ಪರೀಕ್ಷೆಗೆ ಮೊದಲೇ ಸಾವಿರಾರು ಡಾಲರ್ ಸುರಿಯಬೇಡಿ. ಶಾಲೆಯದ್ದು ಆಗಲಿ. ಅದು ಒಪ್ಪಿಗೆಯಾಗದಿದ್ದರೆ ಡಿಸ್ಟ್ರಿಕ್ಟ್ ಖರ್ಚಿನಲ್ಲೇ ಹೊರಗಿನವರಿಂದ ಮಾಡಿಸಿ ಅಂತ ಕೇಳುವ ಹಕ್ಕೂ ಇದೆ.

ಹೆಜ್ಜೆ 5: ಉಳಿದದ್ದು

ಬಸ್ಸು ಸಾಮಾನ್ಯವಾಗಿ 2 ಮೈಲಿಗಿಂತ ದೂರ ಇರುವವರಿಗೆ. ಪ್ರತಿಭಾವಂತ ಮಕ್ಕಳ ತರಗತಿಗೆ ತಂದೆತಾಯಿಯೇ ಹೆಸರು ಸೂಚಿಸಬಹುದು. ಅದಕ್ಕೆ ಅಂತ ಮಾರುವ ಕೋಚಿಂಗ್ ಪುಸ್ತಕಗಳ ರಾಶಿ ಬೇಡ, ಮಗುವಿಗೆ ರಾತ್ರಿ ನಿದ್ದೆ ಮಾಡಿಸಿ. ಹೈಸ್ಕೂಲಿನಲ್ಲಿ ಓದುತ್ತಲೇ ಸ್ಥಳೀಯ ಸರ್ಕಾರಿ ಕಾಲೇಜಾದ ಕಾಲಿನ್ ಕಾಲೇಜಿನ ಕ್ರೆಡಿಟ್, ಅಂದರೆ ಪದವಿಗೆ ಲೆಕ್ಕಕ್ಕೆ ಬರುವ ಅಂಕ, ಗಳಿಸಬಹುದು.

ಗಣಿತದ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಇರಲಿ. 2023ರ ರಾಜ್ಯ ಕಾನೂನಿನ ಪ್ರಕಾರ, 5ನೇ ತರಗತಿಯ ಗಣಿತ ಪರೀಕ್ಷೆಯಲ್ಲಿ ಮೇಲಿನ ಶೇ 40ರೊಳಗೆ ಬಂದ ಮಕ್ಕಳನ್ನು 6ನೇ ತರಗತಿಯಲ್ಲಿ ಮುಂದುವರಿದ ಗಣಿತಕ್ಕೆ ತಾನಾಗಿಯೇ ಹಾಕುತ್ತಾರೆ. ಬೆಂಗಳೂರಿನಲ್ಲಿ 5ನೇ ತರಗತಿ ಮುಗಿಸಿ ಬಂದ ಮಗುವಿಗೆ ಆ ಅಂಕವೇ ಇರುವುದಿಲ್ಲ. ಹಾಗಾಗಿ ಮಾರ್ಕ್ಸ್ ಕಾರ್ಡ್ ಮತ್ತು ಗಣಿತದ ನೋಟ್‌ಬುಕ್ ತೆಗೆದುಕೊಂಡು ಕೌನ್ಸೆಲರ್ ಹತ್ತಿರ ಹೋಗಿ, ಯಾವ ಮಟ್ಟದ ಗಣಿತಕ್ಕೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ ಕೇಳಿ. ಅದೇ ದಿನ ಸಂಜೆ ಇ-ಮೇಲ್‌ನಲ್ಲೂ ಕೇಳಿ. ತರಗತಿಗಳ ಪಟ್ಟಿ ಅಂತಿಮವಾಗುವ ಮುಂಚೆಯೇ ಇದು ಆಗಬೇಕು.