ತೀರಿಕೊಂಡ ತಂದೆಯ ಷೇರುಗಳನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವ ಬಗೆ

ಮೈಸೂರು, ಮಂಡ್ಯ ಸೀಮೆಯ ಹಳೆಯ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಬೀರು ತೆಗೆದಾಗ, ಪಹಣಿ ಮತ್ತು ಕಂದಾಯದ ರಸೀದಿಗಳ ನಡುವೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಷೇರು ಸರ್ಟಿಫಿಕೇಟು ಸಿಗುವುದುಂಟು. ಆ ಬ್ಯಾಂಕೇ ಈಗಿಲ್ಲವೆಂದು ಅದನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. 2017ರ ಏಪ್ರಿಲ್ 1ರಂದು ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದಾಗ ಮೈಸೂರು ಬ್ಯಾಂಕಿನ ಪ್ರತಿ 10 ಷೇರಿಗೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ 22 ಷೇರುಗಳೆಂದು ನಿಗದಿಯಾಗಿತ್ತು. ಯಾವ ಕಂಪನಿಯದೇ ಆಗಲಿ, ಸರ್ಟಿಫಿಕೇಟಿನ ಮೇಲಿರುವ ಫೋಲಿಯೊ ಸಂಖ್ಯೆಯನ್ನು (ಷೇರುದಾರರ ಖಾತೆಯ ಸಂಖ್ಯೆ) ಬರೆದುಕೊಂಡು, ಕಂಪನಿಯ ಪರವಾಗಿ ಷೇರುದಾರರ ಲೆಕ್ಕ ಇಡುವ ರಿಜಿಸ್ಟ್ರಾರರಿಗೆ ಪತ್ರ ಬರೆಯುವುದು ಮೊದಲ ಕೆಲಸ.

ಎರಡನೆಯ ಕೆಲಸ ಹೆಸರುಗಳನ್ನು ಹೊಂದಿಸಿ ನೋಡುವುದು. ಹೆಚ್ಚಿನ ಅರ್ಜಿಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅನುಭವ. ನಮ್ಮ ತಂದೆಯವರ ಹೆಸರು ಸರ್ಟಿಫಿಕೇಟಿನಲ್ಲಿ ಊರಿನ ಮತ್ತು ಅಜ್ಜನ ಹೆಸರಿನ ಎರಡು ಇನಿಷಿಯಲ್‌ಗಳೊಂದಿಗೆ ಇತ್ತು, ಮರಣ ಪ್ರಮಾಣಪತ್ರದಲ್ಲಿ ಒಂದೇ ಇನಿಷಿಯಲ್ ಇತ್ತು, ಪ್ಯಾನ್ ಕಾರ್ಡಿನಲ್ಲಿ ಅವೇ ಇನಿಷಿಯಲ್‌ಗಳು ಬಿಡಿಸಿದ ಪೂರ್ಣ ಹೆಸರುಗಳಾಗಿದ್ದವು. ನಮಗೆ ಅವರೆಲ್ಲ ಒಬ್ಬರೇ ಅಪ್ಪ. ರಿಜಿಸ್ಟ್ರಾರರ ಕಣ್ಣಿಗೆ ಮೂವರು ಬೇರೆ ಬೇರೆ ವ್ಯಕ್ತಿಗಳು. ಆದ್ದರಿಂದ ಈ ಎಲ್ಲ ಹೆಸರುಗಳೂ ಒಬ್ಬರವೇ ಎಂದು ನೋಟರಿಯ ಮುಂದೆ ಮಾಡಿದ ಅಫಿಡವಿಟ್ಟನ್ನು ಮೊದಲ ಅರ್ಜಿಯೊಂದಿಗೇ ಲಗತ್ತಿಸಿದರೆ ತಿಂಗಳುಗಟ್ಟಲೆಯ ಪತ್ರವ್ಯವಹಾರ ತಪ್ಪುತ್ತದೆ.

ವಾರಸುದಾರರು ಯಾರು ಯಾರೆಂದು ತೋರಿಸಲು ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಮಾಡಿಸಬೇಕು. ಗ್ರಾಮ ಆಡಳಿತಾಧಿಕಾರಿಯವರು ವಿಚಾರಣೆಗೆ ಬಂದಾಗ ಒಬ್ಬರ ಹೆಸರೂ ಬಿಟ್ಟುಹೋಗದಂತೆ ಹೇಳಿ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ ಮತ್ತು ಗಂಡು, ಹೆಣ್ಣು ಮಕ್ಕಳ ಜೊತೆಗೆ ಅವನ ತಾಯಿಯೂ ಇದ್ದಾಳೆ. ಊರಿನಲ್ಲಿರುವ ಅಜ್ಜಿಯನ್ನೂ ಮದುವೆಯಾಗಿ ಹೋದ ಅಕ್ಕತಂಗಿಯರನ್ನೂ ಮರೆತು ಸಿದ್ಧಪಡಿಸಿದ ಕಾಗದ ನ್ಯಾಯವೂ ಅಲ್ಲ, ನಿಲ್ಲುವುದೂ ಇಲ್ಲ.

ಷೇರು ಜಂಟಿ ಹೆಸರಿನಲ್ಲಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ತೀರಿಕೊಂಡವರ ಹೆಸರನ್ನು ತೆಗೆಸುವುದು ಸುಲಭ. ನಾಮಿನಿ, ಅಂದರೆ ತಮ್ಮ ನಂತರ ಷೇರು ಪಡೆಯಲೆಂದು ತಂದೆ ಹೆಸರಿಸಿದವರು, ಇದ್ದರೂ ದಾರಿ ಹಗುರ; ಆದರೆ ನಾಮಿನಿಯಾದ ಮಾತ್ರಕ್ಕೆ ಅವರೇ ಒಡೆಯರಾಗುವುದಿಲ್ಲವೆಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಆದ್ದರಿಂದ ಅಣ್ಣನ ಹೆಸರಿಗೆ ಬಂದ ಷೇರಿನಲ್ಲಿ ಉಳಿದವರ ಪಾಲು ಉಳಿದೇ ಇರುತ್ತದೆ. ನಾಮಿನಿ ಇಲ್ಲದಿದ್ದರೆ ಮೌಲ್ಯ ನೋಡಬೇಕು. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳ ವಿಷಯದಲ್ಲಿ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022ರಲ್ಲಿ ತಂದ ನಿಯಮದಂತೆ, ಕಾಗದದ ಷೇರಾದರೆ ಒಂದು ಕಂಪನಿಗೆ 5 ಲಕ್ಷ ರೂಪಾಯಿ, ಡಿಮ್ಯಾಟ್ (ಕಾಗದವಿಲ್ಲದೆ ಖಾತೆಯಲ್ಲಿ ವಿದ್ಯುನ್ಮಾನ ರೂಪದಲ್ಲಿರುವ ಷೇರು) ಆದರೆ ಒಂದು ಖಾತೆಗೆ 15 ಲಕ್ಷ ರೂಪಾಯಿವರೆಗೆ ಅಫಿಡವಿಟ್, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುವೆವೆಂಬ ಮುಚ್ಚಳಿಕೆ) ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳಿಂದಲೇ ಕೆಲಸ ಮುಗಿಯುವ ಅವಕಾಶವಿದೆ. ಅದಕ್ಕಿಂತ ಹೆಚ್ಚಾದರೆ ಉಯಿಲು, ಇಲ್ಲವೇ ತಂದೆ ವಾಸವಿದ್ದ ಜಿಲ್ಲೆಯ ನ್ಯಾಯಾಲಯದಿಂದ ಪಡೆದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುವುದು ಸಾಮಾನ್ಯ. ವಕೀಲರನ್ನು ಆಗ ಹುಡುಕಿದರೆ ಸಾಕು.

ಕಾಗದದ ಷೇರಿಗೆ ತುಂಬಬೇಕಾದದ್ದು ಐಎಸ್‌ಆರ್-5 ನಮೂನೆ. ಸಹಿಯನ್ನು ಬ್ಯಾಂಕಿನವರಿಂದ ದೃಢೀಕರಿಸಲು ಐಎಸ್‌ಆರ್-2 ಇದೆ. ಹೊಸ ಷೇರು ಡಿಮ್ಯಾಟ್ ರೂಪದಲ್ಲಿ ಮಾತ್ರ ಸಿಗುವುದರಿಂದ ವಾರಸುದಾರರು ತಮ್ಮ ಹೆಸರಿನಲ್ಲಿ ಡಿಮ್ಯಾಟ್ ಖಾತೆಯನ್ನು ಮುಂಚಿತವಾಗಿಯೇ ತೆರೆದಿಟ್ಟುಕೊಳ್ಳಬೇಕು. ವಾರಸಿನಿಂದ ಷೇರು ಬಂದಾಗ ಆದಾಯ ತೆರಿಗೆ ಬೀಳುವುದಿಲ್ಲ. ಮುಂದೆ ಮಾರಿದಾಗ ತಂದೆ ಕೊಂಡ ಬೆಲೆ ಮತ್ತು ಕೊಂಡ ದಿನವೇ ಲೆಕ್ಕಕ್ಕೆ ಬರುವುದರಿಂದ ಅವರ ಹಳೆಯ ರಸೀದಿಗಳನ್ನು ಜೋಪಾನ ಮಾಡಿ.

ಸತತ 7 ವರ್ಷ ಲಾಭಾಂಶ ಪಡೆಯದಿದ್ದರೆ ಕಂಪನಿಯು ಷೇರನ್ನೇ ಕೇಂದ್ರ ಸರ್ಕಾರದ ಐಇಪಿಎಫ್ ಎಂಬ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ ವರ್ಗಾಯಿಸುತ್ತದೆ. ಹಾಗಾಗಿದ್ದರೂ ಹಕ್ಕು ಹೋಗುವುದಿಲ್ಲ; ಮೇಲಿನ ದಾಖಲೆಗಳನ್ನು ಮೊದಲು ಕಂಪನಿಗೆ ಒಪ್ಪಿಸಿ, ಅಲ್ಲಿಂದ ಅರ್ಹತಾ ಪತ್ರ ಪಡೆದು, ಬಳಿಕ ಐಇಪಿಎಫ್-5 ಅರ್ಜಿ ಸಲ್ಲಿಸಬೇಕು. ಮೂಲ ಸರ್ಟಿಫಿಕೇಟನ್ನು ಅಂಚೆಗೆ ಹಾಕುವ ಮುನ್ನ ಎರಡೂ ಬದಿಯ ನಕಲು ತೆಗೆದಿಟ್ಟುಕೊಂಡು, ಸ್ಪೀಡ್ ಪೋಸ್ಟಿನ ರಸೀದಿಯನ್ನು ಆ ನಕಲಿಗೇ ಪಿನ್ ಮಾಡಿಡಿ.