ಹಾಳೆತಟ್ಟೆಯ ಉದ್ಯಮದಲ್ಲಿ ನನ್ನ ಊಹೆಗಳಿಗೆ ಲೆಕ್ಕವಿಟ್ಟ ಅನುಭವ

ಅಡಿಕೆ ಹಾಳೆಯ (ಮರದಿಂದ ಉದುರುವ ಸೋಗೆಯ ಬುಡದ ಅಗಲ ಭಾಗ) ತಟ್ಟೆ ಮಾಡುವವರಿಗೆ ಯಂತ್ರ, ಡೈ (ತಟ್ಟೆಗೆ ಆಕಾರ ಕೊಡುವ ಅಚ್ಚು), ಹಾಳೆ ನೆನೆಸುವ ಹದ, ಮಳೆಗಾಲದ ಬೂಸರು ಇವುಗಳನ್ನು ನಾನು ವಿವರಿಸಬೇಕಾಗಿಲ್ಲ. ನಾನು ಬರೆಯಹೊರಟಿರುವುದು ನಮ್ಮ ಶೆಡ್ಡಿನಲ್ಲಿರುವ ಒಂದು ನೋಟುಪುಸ್ತಕದ ಬಗ್ಗೆ. ಹಣ ಹೂಡುವ ಪ್ರತಿ ನಿರ್ಧಾರಕ್ಕೂ ಮೊದಲು ನನ್ನ ಊಹೆಯನ್ನು ಅಂಕಿಯಲ್ಲಿ ಬರೆದು, ಅವಧಿ ಮುಗಿದ ಮೇಲೆ ನಿಜವಾದ ಅಂಕಿಯನ್ನು ಅದರ ಎದುರಿಗೆ ಬರೆಯುತ್ತೇನೆ. ಆರಂಭದಲ್ಲಿ ನನ್ನ ಭಾವನವರು "ವ್ಯಾಪಾರಕ್ಕೂ ಜಾತಕ ಬರೆಯುತ್ತೀರಾ ಭಾವ?" ಎಂದು ನಕ್ಕಿದ್ದರು. ಸಾಲ ಮಂಜೂರು ಮಾಡಿದ ಅಧಿಕಾರಿಯೊಬ್ಬರು ಇದು ಧೈರ್ಯ ಸಾಲದವರ ಕೆಲಸ ಎಂದಿದ್ದರು. ಈಗ ಇಬ್ಬರೂ ಆ ಪುಸ್ತಕವನ್ನು ಕೇಳಿ ಪಡೆದು ನೋಡಿದ್ದಾರೆ.

2016ರ ಮಾರ್ಚಿನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧ ಬಂದಾಗ ನಾನು ಎರಡು ಯಂತ್ರ ಹಾಕಿದೆ. ಶೆಡ್ಡು, ತ್ರೀಫೇಸ್ ಸಂಪರ್ಕ, ಡೈಗಳು ಸೇರಿ ಸುಮಾರು 9 ಲಕ್ಷ ರೂಪಾಯಿ ಆಗಿರಬೇಕು. ಯಂತ್ರ ಮಾರಿದವರು ಒಂದು ಯಂತ್ರಕ್ಕೆ ದಿನಕ್ಕೆ 1200 ತಟ್ಟೆ ಎಂದಿದ್ದರು. ಮಾರುವವರ ಮಾತನ್ನು ಪೂರ್ತಿ ನಂಬಬಾರದೆಂಬ ಎಚ್ಚರದಿಂದಲೇ ನಾನು ಅದನ್ನು 1000ಕ್ಕೆ ಇಳಿಸಿಕೊಂಡೆ. ಕೈಗೆ ಬಂದದ್ದು 600ರಿಂದ 700. ಇಳಿಸಿದೆನೆಂಬ ಸಮಾಧಾನವಿತ್ತೇ ಹೊರತು, ಇಳಿಸಿದ್ದು ಅವರದೇ ಅಂಕಿಯಿಂದ ಎಂಬುದು ಆಗ ಹೊಳೆಯಲಿಲ್ಲ. ಮೂರು ಕಿಲೋಮೀಟರ್ ದೂರದಲ್ಲಿ ಅದೇ ಯಂತ್ರ ಕೆಲವು ವರ್ಷಗಳಿಂದ ಓಡುತ್ತಿತ್ತು, ಅಲ್ಲಿ ಕೇಳುವುದಕ್ಕೆ ಪೆಟ್ರೋಲಿನ ಖರ್ಚೂ ಆಗುತ್ತಿರಲಿಲ್ಲ.

ಪ್ಲಾಸ್ಟಿಕ್ ತಟ್ಟೆ ಪೇಟೆಯಿಂದ ಹೋಗಲೂ ಇಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಮಾರಾಟವಾಗದ ತಟ್ಟೆಗಳು ನಲವತ್ತು ಸಾವಿರದಷ್ಟಿದ್ದು, ಅದರಲ್ಲಿ ಮೂರನೆಯ ಒಂದು ಪಾಲಿಗೆ ಬೂಸರು ಹಿಡಿಯಿತು. ಇಷ್ಟು ಹಾಕಿದ ಮೇಲೆ ಇನ್ನಷ್ಟು ಹಾಕದೆ ಬಿಡುವುದು ಹೇಗೆ ಎಂದು ಒಂದೂವರೆ ಲಕ್ಷಕ್ಕೆ ಡ್ರೈಯರ್ ತಂದೆ. ತಟ್ಟೆಗಳು ಒಣಗಿದವು, ಅಂಚುಗಳು ಸೀಳಿದವು. ಆ ಡ್ರೈಯರಿನಲ್ಲಿ ಈಗ ಮನೆಯವರು ಕೊಬ್ಬರಿ ಒಣಗಿಸುತ್ತಾರೆ.

ಪುಸ್ತಕ ಆಮೇಲೆ ಬಂತು, ಮೊದಲ ವರ್ಷ ಅದೂ ಕೆಲಸ ಮಾಡಲಿಲ್ಲ. "ಈ ಸೀಸನ್ ಚೆನ್ನಾಗಿ ಹೋಗುತ್ತದೆ" ಎಂದು ಬರೆದಿಟ್ಟರೆ, ಏನೇ ಆದರೂ ನಾನು ಹೇಳಿದಂತೆಯೇ ಆಯಿತೆಂದು ಓದಿಕೊಳ್ಳಬಹುದಾಗಿತ್ತು. ಅನಂತರ ಕನಿಷ್ಠ ಮತ್ತು ಗರಿಷ್ಠ ಎಂಬ ಎರಡು ಅಂಕಿ ಬರೆಯತೊಡಗಿದೆ, ಹತ್ತರಲ್ಲಿ ಎಂಟು ಸಲ ಉತ್ತರ ಅವೆರಡರ ನಡುವೆ ಬೀಳಬೇಕೆಂಬ ಷರತ್ತಿನ ಮೇಲೆ. ಬಿದ್ದದ್ದು ಅರ್ಧಕ್ಕಿಂತ ಕಡಿಮೆ. ಅಂತರ ಹಿಗ್ಗಿಸಲು ನಾಚಿಕೆಯಾಗುತ್ತಿತ್ತು. ಹದಿನೈದು ಸಾವಿರದಿಂದ ಅರವತ್ತು ಸಾವಿರದವರೆಗೆ ಎಷ್ಟಾದರೂ ಆಗಬಹುದು ಎನ್ನುವವನಿಗೆ ಅವನ ವ್ಯಾಪಾರವೇ ಗೊತ್ತಿಲ್ಲವೆಂದು ಜನ ಭಾವಿಸುತ್ತಾರೆ.

ದಾರಿಗೆ ತಂದದ್ದು ಎರಡು ನಿಯಮಗಳು. ಮೊದಲನೆಯದಾಗಿ, ನನ್ನ ಅಂಕಿ ಬರೆಯುವ ಮೊದಲು ಅದೇ ಕೆಲಸ ಮಾಡಿದ ಮೂರು ಶೆಡ್ಡುಗಳಲ್ಲಿ ನಿಜವಾಗಿ ಆದದ್ದನ್ನು ಬರೆಯಬೇಕು, ಮತ್ತು ನಮ್ಮ ಹಾಳೆ ಒಳ್ಳೆಯದು, ನಮ್ಮ ಗಿರಾಕಿ ಬೇರೆ ಎಂಬ ಯಾವ ಕಾರಣಕ್ಕೂ ಅವುಗಳ ಸರಾಸರಿಯಿಂದ ಕಾಲುಪಾಲಿಗಿಂತ ಹೆಚ್ಚು ಸರಿಯಬಾರದು. ಎರಡನೆಯದಾಗಿ, ಹಣ ಹೂಡುವ ಮೊದಲೇ, ವರ್ಷ ಕಳೆದು ಯೋಜನೆ ಸೋತೇಹೋಗಿದೆ ಎಂದು ಭಾವಿಸಿ, ಏಕೆ ಸೋತಿತೆಂದು ಮನೆಯವರೂ ಕೆಲಸದವರೂ ಬೇರೆಬೇರೆ ಚೀಟಿಯಲ್ಲಿ ಬರೆಯಬೇಕು. ಪ್ರೆಸ್ಸಿನಲ್ಲಿ (ತಟ್ಟೆ ಒತ್ತುವ ಯಂತ್ರದಲ್ಲಿ) ಕೂರುವ ಅಕ್ಕ ಒಮ್ಮೆ ಬರೆದದ್ದು ಒಂದೇ ಸಾಲು: "ಮೇ ಕೊನೆಗೆ ತರುವ ಹಾಳೆ ಮೇಲೆ ಒಣಗಿದ್ದರೂ ಬುಡದಲ್ಲಿ ಹಸಿ." ಕಡಿಮೆ ದರಕ್ಕೆ ಸಿಕ್ಕಿದ್ದ ಎರಡು ಲೋಡು ಹಾಳೆಯನ್ನು ಆ ಸಾಲಿನ ಮೇಲೆ ಬಿಟ್ಟುಕೊಟ್ಟೆ. ಅದನ್ನು ಕೊಂಡವರ ಗೋದಾಮನ್ನು ಆಗಸ್ಟಿನಲ್ಲಿ ನೋಡಿ ಬಂದಿದ್ದೇನೆ.

ನಡುವೆ ಒಂದು ಆಟವನ್ನೂ ಆಡಿದೆ. ದಿನಾ ಬೆಳಿಗ್ಗೆ ಸಂಜೆಯ ತಟ್ಟೆಗಳ ಸಂಖ್ಯೆಯನ್ನು ನಾನೂ ಕೆಲಸದವರೂ ಊಹಿಸುತ್ತಿದ್ದೆವು. ಅವರದು ಸಾಮಾನ್ಯವಾಗಿ ನಿಜವಾದ ಸಂಖ್ಯೆಯಿಂದ ಐವತ್ತರ ಆಚೀಚೆ ಇರುತ್ತಿತ್ತು. ಹಿಂದಿನ ದಿನ ದೊಡ್ಡ ಆರ್ಡರ್ ಬಂದಿದ್ದರೆ ನನ್ನ ಊಹೆ ನೂರೈವತ್ತರಷ್ಟು ಏರುತ್ತಿತ್ತು. ಆರ್ಡರಿಗೂ ಪ್ರೆಸ್ಸಿನ ವೇಗಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ನನಗೆ ತಿಳಿಯದ ವಿಷಯವೇನಲ್ಲ.

1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸುಮಾರು 3000 ಹೊಸ ಉದ್ಯಮಿಗಳನ್ನು ಕೇಳಿದಾಗ ಶೇ 81 ಮಂದಿ ತಮ್ಮ ಗೆಲುವಿನ ಸಾಧ್ಯತೆ ಹತ್ತಕ್ಕೆ ಏಳು ಅಥವಾ ಹೆಚ್ಚು ಎಂದಿದ್ದರು, ಮೂರನೆಯ ಒಂದರಷ್ಟು ಜನ ಹತ್ತಕ್ಕೆ ಹತ್ತೇ ಎಂದಿದ್ದರು. ತಮ್ಮಂಥದೇ ಬೇರೆ ಉದ್ಯಮಗಳಿಗೆ ಏಳು ಅಥವಾ ಹೆಚ್ಚು ಕೊಟ್ಟವರು ಶೇ 39 ಮಾತ್ರ. ಇವೇ ಎರಡು ಪ್ರಶ್ನೆಗಳನ್ನು ನಮ್ಮ ತಟ್ಟೆ ತಯಾರಕರ ಸಭೆಯಲ್ಲಿ ಚೀಟಿ ಹಂಚಿ ಕೇಳಿದೆ. ತಮಗೆ ಎಂಟು, ಒಂಬತ್ತು ಬರೆದುಕೊಂಡವರೇ ಪಕ್ಕದವರಿಗೆ ನಾಲ್ಕು, ಐದು ಬರೆದಿದ್ದರು. ಪಕ್ಕದವರು ಕೂತಿದ್ದದ್ದೂ ಅದೇ ಬೆಂಚಿನಲ್ಲಿ.

2022ರ ಜುಲೈ 1ರಿಂದ ತಟ್ಟೆ, ಲೋಟದಂಥ ಕೆಲವು ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧ ಬಂದಾಗ ಮತ್ತೆ ಎಲ್ಲರೂ ಯಂತ್ರ ಕೊಂಡರು. ಬೇಡಿಕೆ ಏರುತ್ತದೆಂದು ಎಲ್ಲರೂ ಎಣಿಸಿದ್ದರು. ಎಲ್ಲರೂ ಹಾಗೆಯೇ ಎಣಿಸಿದರೆ ಹಾಳೆಯ ದರ ಏನಾಗುತ್ತದೆಂದು ಎಣಿಸಿದವರು ಕಡಿಮೆ. ನಮ್ಮ ಕಡೆ ಒಂದೂವರೆ ರೂಪಾಯಿಯ ಹಾಳೆ ಮೂರರ ಹತ್ತಿರ ಹೋಯಿತು. ನಾನು ಪುಸ್ತಕ ನೋಡಿ, ಯಂತ್ರ ಕೊಳ್ಳುವ ಬದಲು ತೋಟದವರಿಗೆ ಮುಂಗಡ ಕೊಟ್ಟು ಎರಡು ಸೀಸನ್ನಿನ ಹಾಳೆ ಹಿಡಿದಿಟ್ಟೆ.

ಅನಂತರ ರಫ್ತುದಾರರೊಬ್ಬರು ಅಮೆರಿಕಕ್ಕೆಂದು ದೊಡ್ಡ ಆರ್ಡರ್ ತಂದು, ಇನ್ನೂ ನಾಲ್ಕು ಯಂತ್ರ ಹಾಕಿದರೆ ಪೂರ್ತಿ ಮಾಲು ತಾವೇ ಎತ್ತುವುದಾಗಿ ಹೇಳಿದರು. ಸಾಲಕ್ಕೆ ಬ್ಯಾಂಕೂ ಸಿದ್ಧವಿತ್ತು. ಚೀಟಿಗಳಲ್ಲಿ ಬಂದದ್ದು ಕಂಟೇನರಿನಲ್ಲಿ ಬೂಸರು, ಹಣ ಬರುವುದು ತಡ, ಒಬ್ಬನೇ ಗಿರಾಕಿ ಎಂಬ ಕಾರಣಗಳು. ಮೂರನೆಯದು ಮೂರು ಚೀಟಿಗಳಲ್ಲಿತ್ತು. ರಫ್ತಿಗೆ ನನ್ನ ಉತ್ಪಾದನೆಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಕೊಡಲಾರೆ ಎಂದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಅಂಶಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಈ ತಟ್ಟೆಗಳು ಬಳಕೆಗೆ ತಕ್ಕವಲ್ಲ ಎಂದಿತು. ನನಗೆ ಬಿದ್ದ ಪೆಟ್ಟು ಎರಡು ಲಕ್ಷದೊಳಗೆ. ಯಂತ್ರ ಹಾಕಿದ್ದರೆ ಹದಿನೈದು ಲಕ್ಷದ ಸಾಲ ತಲೆಯ ಮೇಲಿರುತ್ತಿತ್ತು. ಆದರೆ ಆ ಕಾರಣ ನಮ್ಮ ಯಾವ ಚೀಟಿಯಲ್ಲೂ ಇರಲಿಲ್ಲವಾದ್ದರಿಂದ, ಪುಸ್ತಕದಲ್ಲಿ ಅದರ ಎದುರು "ಸರಿ" ಎಂದು ಬರೆಯದೆ "ಅರ್ಧ ಅದೃಷ್ಟ" ಎಂದೇ ಬರೆದಿದ್ದೇನೆ.

ಯಾರ ಊಹೆಯನ್ನು ಎಷ್ಟು ಕಡಿತ ಮಾಡಿ ಓದಬೇಕೆಂಬ ಒಂದು ಪಟ್ಟಿ ಪುಸ್ತಕದ ಕೊನೆಯ ಪುಟದಲ್ಲಿದೆ. ಅದನ್ನು ಲೆಕ್ಕ ಹಾಕುವ ವಿಧಾನವನ್ನು ಇಲ್ಲಿ ಬರೆಯುವುದಿಲ್ಲ; ಭಾವನವರಿಗೆ ಪುಸ್ತಕ ಕೊಡುವಾಗಲೂ ಆ ಪುಟಕ್ಕೆ ಸ್ಟೇಪ್ಲರ್ ಹೊಡೆದೇ ಕೊಟ್ಟಿದ್ದೆ.