ಶಾಲೆ ಶುರುವಾಗುವ ಮೊದಲು ಮಕ್ಕಳ ಆರೋಗ್ಯ ಹೀಗೆ ನೋಡಿಕೊಳ್ಳಿ

ನಾನು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಮೇ ತಿಂಗಳಲ್ಲಿ ಅಮ್ಮಂದಿರು ಬ್ಯಾಗು, ಬೂಟು ಅಂತ ಓಡಾಡುತ್ತಿರುತ್ತಾರೆ. ಅದಕ್ಕೂ ಮೊದಲು ತಾಯಿ ಕಾರ್ಡ್, ಅಂದರೆ ಮಗುವಿಗೆ ಹಾಕಿಸಿದ ಲಸಿಕೆಗಳನ್ನು ಬರೆದಿರುವ ಕಾರ್ಡ್, ಹುಡುಕಿ ತೆಗೆಯಿರಿ. 5-6 ವರ್ಷಕ್ಕೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಲಸಿಕೆ ಇದೆ. ಬಿಟ್ಟುಹೋಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ದುಡ್ಡು ಕೊಡಬೇಕಿಲ್ಲ. ರಜೆಯಲ್ಲೇ ಹಾಕಿಸಿ. ಜ್ವರ, ಕೈನೋವು ಬಂದರೆ ಇಳಿಯಲು ಸಮಯ ಬೇಕಲ್ವಾ?

ಕಣ್ಣಿನ ವಿಷಯವನ್ನು ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಬೋರ್ಡ್ ಮಸುಕಾಗಿ ಕಾಣುವ ಮಗು ಅದನ್ನು ಬಾಯಿಬಿಟ್ಟು ಹೇಳುವುದು ಕಮ್ಮಿ. ಎಲ್ಲರಿಗೂ ಹಾಗೇ ಕಾಣುತ್ತೆ ಅಂದುಕೊಂಡಿರುತ್ತದೆ. ಪಕ್ಕದವರ ಪುಸ್ತಕ ನೋಡಿ ಬರೆಯುತ್ತದೆ, ಬೈಸಿಕೊಳ್ಳುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಮನೆಯಲ್ಲೇ ಹೀಗೆ ಮಾಡಿ: ಗೋಡೆಯ ಕ್ಯಾಲೆಂಡರ್‌ನಿಂದ ದೂರ ನಿಲ್ಲಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಒತ್ತಬಾರದು, ಸುಮ್ನೆ ಮುಚ್ಚಿದರೆ ಸಾಕು. ಕಣ್ಣು ಕಿರಿದು ಮಾಡಿದರೆ, ತಲೆ ಓರೆ ಮಾಡಿದರೆ, ಒಂದು ಕಣ್ಣಿಗಿಂತ ಇನ್ನೊಂದಕ್ಕೆ ಕಮ್ಮಿ ಕಂಡರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಲ್ಲ ಸರಿಯಾಗಿ ಓದಿದರೂ ಒಮ್ಮೆ ತೋರಿಸಿದರೆ ಒಳ್ಳೆಯದೇ.

ರಜೆಯಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗುವ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ. ಎರಡು ವಾರ ಮುಂಚಿನಿಂದ ಸ್ವಲ್ಪ ಸ್ವಲ್ಪ ಬೇಗ ಮಲಗಿಸಿ, ಬೇಗ ಎಬ್ಬಿಸಿ.

ತಲೆಗೆ ಎಣ್ಣೆ ಹಚ್ಚಿ ಸೀರಣಿಗೆಯಲ್ಲಿ ಬಾಚಿ. ಕಿವಿಯ ಹಿಂದೆ, ಕತ್ತಿನ ಹಿಂಭಾಗದ ಕೂದಲಲ್ಲಿ ಸೀರು ಜಾಸ್ತಿ.

ಆಸ್ತಮಾ, ಫಿಟ್ಸ್ ಇದ್ದರೆ ಮುಚ್ಚಿಡಬೇಡಿ. ಔಷಧಿಯ ಹೆಸರು, ನಿಮ್ಮ ಫೋನ್ ನಂಬರ್ ಚೀಟಿಯಲ್ಲಿ ಬರೆದು ಮೊದಲ ದಿನವೇ ಟೀಚರ್ ಕೈಗೆ ಕೊಡಿ.